ಓದುವವರ ಪಾಲು

ನನ್ನ ದೊಡ್ಡಮ್ಮ ಹತ್ತನೇ ತರಗತಿಯನ್ನು ನಾಲ್ಕು ಸಲ ಓದಿದವರು. ಫೇಲಾಗಿ ಅಲ್ಲ! ಅವರು ಒಂದು ಸಲವೂ ಫೇಲಾಗಲಿಲ್ಲ, ಯಾಕೆಂದರೆ ಒಂದು ಸಲವೂ ಪರೀಕ್ಷೆಗೆ ಕೂರಲಿಲ್ಲ. ಶಾಲೆಯ ರಿಜಿಸ್ಟರ್ ಪ್ರಕಾರ ಅವರು ಮೂರನೇ ತರಗತಿಯಲ್ಲಿರುವಾಗ ತಮ್ಮನಿಗೆ ಜ್ವರ ಎಂದು ಎರಡು ದಿನದ ರಜೆ ಕೇಳಿ ಹೋದವರು, ಇನ್ನೂ ಹಿಂದೆ ಬಂದಿಲ್ಲ. ಹಾಗಿದ್ದರೂ ಬೀಜಗಣಿತದ ವಿಷಯದಲ್ಲಿ ಗಡಿನಾಡಿನ ನಮ್ಮ ಊರು ವರ್ಕಾಡಿಯಲ್ಲಿ ಅವರಷ್ಟು ಗಟ್ಟಿಯಾದ ಅಭಿಪ್ರಾಯ ಇರುವವರು ಬೇರೆ ಯಾರೂ ಸಿಗಲಿಕ್ಕಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತೀರಾ? ಬೀಡಿಯಿಂದ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ನಮ್ಮ ಮನೆಗೆ ತಾಗಿಯೇ ಅವರ ಮನೆ. ಪ್ರಾಯದಲ್ಲಿ ಅವರು ತೆಂಕಣ ಕಡೆಯ ಒಂದು ಬೀಡಿ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಅಲ್ಲೊಂದು ಕ್ರಮವಿತ್ತು. ಎಲ್ಲರೂ ಸಾಲಾಗಿ ಕೂತು ಬೀಡಿ ಕಟ್ಟುವಾಗ ಒಬ್ಬ ಎತ್ತರದ ಬೆಂಚಿನ ಮೇಲೆ ಕೂತು ಪೇಪರನ್ನು ಗಟ್ಟಿಯಾಗಿ ಓದಬೇಕು. ಓದುವವನು ಬೀಡಿ ಕಟ್ಟುವಂತಿಲ್ಲ. ಅವನ ಪಾಲಿನ ಬೀಡಿಯನ್ನು ಕೇಳುವವರೆಲ್ಲ ಹಂಚಿಕೊಂಡು ಕಟ್ಟಿಕೊಡಬೇಕು. ಎಂಥ ಚಂದದ ಕಾನೂನು ನೋಡಿ! ಶೆಡ್ಡು ಮುಚ್ಚಿದ ಮೇಲೆ ದೊಡ್ಡಮ್ಮ ತಮ್ಮ ಮನೆಯ ಜಗಲಿಯಲ್ಲಿಯೇ ಬೀಡಿ ಕಟ್ಟತೊಡಗಿದರು. ನೆರೆಮನೆಯ ಕಮಲಕ್ಕ ಮತ್ತು ನೆಬೀಸ ಜೊತೆಗೆ ಬಂದು ಕೂತರು. ಎಲೆ, ಹೊಗೆಸೊಪ್ಪು, ಕತ್ತರಿ, ನೂಲು, ಮಡಿಲಲ್ಲಿ ಮೊರ ಎಲ್ಲವೂ ಇತ್ತು. ಓದುವವರು ಮಾತ್ರ ಇರಲಿಲ್ಲ.

ನಾನು ಎಂಟನೇ ತರಗತಿ ಸೇರಿದ ಕಾಲ ಅದು, ಈ ಶತಮಾನದ ಮೊದಲ ವರ್ಷಗಳು. ಕೆಂಪುಕಲ್ಲಿನ ಕೋರೆಯಲ್ಲಿ ಬೆನ್ನಿಗೆ ಪೆಟ್ಟಾಗಿ ಅಪ್ಪ ಮಲಗಿದ್ದರು. ಅಮ್ಮ ಹಾಕಿದ ಷರತ್ತು ಒಂದೇ: ದಿನಕ್ಕೆ ನನ್ನ ಪಾಲಿನ ಬೀಡಿ ಆಗಬೇಕು, ಆಗದಿದ್ದರೆ ಶಾಲೆ ಬಿಡಬೇಕು. ಶಾಲೆಯಿಂದ ಬಂದು ಬೀಡಿ ಕಟ್ಟಿದರೆ ಓದಲು ಹೊತ್ತಿಲ್ಲ, ಓದಿದರೆ ಬೀಡಿ ಇಲ್ಲ. ಓಣಂ ರಜೆಯ ಮುಂಚಿನ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ಸಿಕ್ಕಿದ ಮಾರ್ಕು ನೋಡಿ ಅಮ್ಮ ಹೇಳಿದರು: "ಇಷ್ಟಕ್ಕೆ ಬಸ್ಸಿನಲ್ಲಿ ಹೋಗಿ ಬರುವುದು ಎಂತಕ್ಕೆ? ಮನೆಯಲ್ಲಿ ಕೂತಿದ್ದರೂ ಸಿಗ್ತಿತ್ತಲ್ಲ!"

ದೊಡ್ಡಮ್ಮ ಜಗಲಿಯಿಂದಲೇ ತೀರ್ಪು ಕೊಟ್ಟರು. "ಅವಳು ಇಲ್ಲಿ ಬಂದು ಓದಲಿ. ಜೋರಾಗಿ ಓದಲಿ. ಅವಳ ಪಾಲು ನಾವು ಕಟ್ಟುವ."

"ನಾವು ಅಂದರೆ ಯಾರಕ್ಕ?" ಎಂದರು ಅಮ್ಮ.

"ಕೇಳುವವರು."

ಕೇಳುವವರನ್ನು ಯಾರೂ ಕೇಳಿರಲಿಲ್ಲ! ನೆಬೀಸ ಕತ್ತರಿ ಕೆಳಗಿಟ್ಟಳು. "ಪೇಪರಾದರೆ ಕಳ್ಳತನ, ಕೊಲೆ ಎಲ್ಲ ಬರ್ತದೆ. ಶಾಲೆಯ ಪುಸ್ತಕದಲ್ಲಿ ಎಂತ ಉಂಟು ಮಾರಾಯ್ತಿ?"

"ಅದರಲ್ಲಿಯೂ ಉಂಟು. ರಾಜನ ತಲೆ ಕಡಿದದ್ದೆಲ್ಲ ಉಂಟು," ಎಂದೆ ನಾನು, ಜೀವ ಉಳಿಸಿಕೊಳ್ಳುವವಳ ಹಾಗೆ.

"ಹಾಗಾದರೆ ಅಡ್ಡಿಲ್ಲ."

ನಾನು ಹೊಸ್ತಿಲ ಮೇಲೆ ಕೂತು ಓದತೊಡಗಿದೆ. ಸುಮ್ಮನೆ ಓದಿ ಮುಗಿಸಿದರೆ ಸಾಲದು. ಅರ್ಥವಾಗದಿದ್ದರೆ ದೊಡ್ಡಮ್ಮ ಕತ್ತರಿಯಿಂದ ಮೊರದ ಅಂಚಿಗೆ ಎರಡು ಸಲ ಬಡಿಯುತ್ತಿದ್ದರು. ಟಕ್ ಟಕ್! ಕಂಡಕ್ಟರ್ ಬಸ್ಸಿನ ಬದಿಗೆ ಬಡಿದ ಹಾಗೆ, ಅಂದರೆ ಬಸ್ಸು ಹಿಂದೆ ಹೋಗಬೇಕು ಎಂದು. ಹಿಂದಿನ ಸಾಲಿಗೆ ಹೋಗಿ ನನ್ನ ಮಾತಿನಲ್ಲಿ ಬಿಡಿಸಿ ಹೇಳಬೇಕು. ನನಗೇ ಅರ್ಥವಾಗದ್ದನ್ನು ಬಿಡಿಸುವುದು ಹೇಗೆ? ಹಾಗಾಗಿ ಮರುದಿನ ಶಾಲೆಯಲ್ಲಿ ಟೀಚರ್ ಹೇಳುವುದನ್ನು ಬಾಯಿ ಬಿಟ್ಟುಕೊಂಡು ಕೇಳುವುದು ನನಗೆ ಅನಿವಾರ್ಯವಾಯಿತು. ನನ್ನ ಶ್ರದ್ಧೆಯ ಗುಟ್ಟು ಇಷ್ಟೇ, ಕತ್ತರಿಯ ಹೆದರಿಕೆ.

ಬೀಜಗಣಿತ ಬಂದ ದಿನ ನೆನಪಿದೆ.

"ಎಕ್ಸ್ ಅಂದರೆ ಎಂತ ಮಗಾ?"

"ಗೊತ್ತಿಲ್ಲದ ಸಂಖ್ಯೆ ದೊಡ್ಡಮ್ಮ."

"ಗೊತ್ತೇ ಇಲ್ಲ, ಹೆಸರು ಇಟ್ಟಾಯ್ತಾ? ಬಸುರಾಗುವ ಮೊದಲೇ ತೊಟ್ಟಿಲು ಕಟ್ಟಿದ ಹಾಗಾಯ್ತು!" ಅಂದರು. ಸ್ವಲ್ಪ ಹೊತ್ತು ಎಲೆ ಸುರುಟಿ, "ಆದರೆ ತೊಟ್ಟಿಲು ಕಟ್ಟಿದವ ಬುದ್ಧಿವಂತ. ಜಾಗ ಇಟ್ಟರೆ ಅಲ್ವಾ ಬರುವವ ಬರುವುದು?" ಎಂದು ಸೇರಿಸಿದರು. ಆಮೇಲೆ ಎಷ್ಟೋ ಮೇಷ್ಟ್ರುಗಳು ನನಗೆ ಬೀಜಗಣಿತ ಹೇಳಿದ್ದಾರೆ. ತಲೆಯಲ್ಲಿ ಉಳಿದದ್ದು ತೊಟ್ಟಿಲು ಮಾತ್ರ.

ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುತ್ತವೆ ಎಂದು ಓದಿದಾಗ ನೆಬೀಸ ಕೈಯಲ್ಲಿದ್ದ ಬೀಡಿ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಲ್ಲಾ, ಇಷ್ಟು ವರ್ಷ ನಾವು ಅಡುಗೆಯವಳನ್ನೇ ಕತ್ತರಿಸಿದ್ದಾ?" ಮೂರೂ ಕತ್ತರಿಗಳು ನಿಂತುಹೋದವು. ಆ ದಿನ ಬೀಡಿ ತಡವಾದದ್ದಕ್ಕೆ ಹೊಣೆ ವಿಜ್ಞಾನದ್ದು.

ಫ್ರಾನ್ಸಿನ ಕ್ರಾಂತಿ ಓದಿದಾಗ ದೊಡ್ಡಮ್ಮನಿಗೆ ರಾಜನ ಚಿಂತೆ ಇರಲಿಲ್ಲ. "ರಾಜ ಹೋದ, ಸರಿ. ಅರಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ಮರುದಿನ ಕೆಲಸ ಉಂಟಾ ಇಲ್ವಾ?" ನಾನು ಪುಟ ಮಗುಚಿದೆ. ಇರಲಿಲ್ಲ. "ನಾಳೆ ಟೀಚರಿನ ಹತ್ತಿರ ಕೇಳಿಕೊಂಡು ಬಾ."

ಕೊನೆಯ ಬೆಂಚಿನವಳಾದ ನಾನು ಮೊದಲ ಸಲ ತರಗತಿಯಲ್ಲಿ ಎದ್ದು ನಿಂತು ಮಾತಾಡಿದ್ದು ಆ ಪಾತ್ರೆ ತೊಳೆಯುವವರಿಗಾಗಿ. ಟೀಚರ್ ಚಾಕ್ ಕೆಳಗಿಟ್ಟು, "ಅದು ಪಾಠದಲ್ಲಿ ಇಲ್ಲ," ಎಂದರು. ಸಂಜೆ ವರದಿ ಒಪ್ಪಿಸಿದಾಗ ದೊಡ್ಡಮ್ಮ ಹೇಳಿದರು: "ಪಾಠದಲ್ಲಿ ಇಲ್ಲದ್ದು ಟೀಚರಿನಲ್ಲಿ ಇರಬೇಕಲ್ವಾ? ಇಲ್ಲದಿದ್ದರೆ ಟೀಚರ್ ಎಂತಕ್ಕೆ, ಪುಸ್ತಕವೇ ಸಾಕಲ್ಲ!" ಇದನ್ನು ನಾನು ಶಾಲೆಗೆ ತಲುಪಿಸಲಿಲ್ಲ. ನನಗೂ ಜೀವದ ಆಸೆ ಉಂಟು. ಆದರೆ ಟೀಚರ್ ಅಂದಿನಿಂದ ಪಾಠ ಮುಗಿಸಿ ನನ್ನ ಕಡೆ ನೋಡಿ, "ನಿಮ್ಮ ಜಗಲಿಯದ್ದು ಎಂತ ಪ್ರಶ್ನೆ ಉಂಟು?" ಎಂದು ತಾವೇ ಕೇಳತೊಡಗಿದರು.

ಇಷ್ಟೇ ಆಗಿದ್ದರೆ ದೊಡ್ಡಮ್ಮನನ್ನು ವಿಚಿತ್ರದವರು ಎನ್ನಬೇಕಾಗಿರಲಿಲ್ಲ. ಊರಿನವರೆಲ್ಲ ಮಕ್ಕಳ ಹತ್ತಿರ ಮಾರ್ಕು ಎಷ್ಟು ಎಂದು ಕೇಳುತ್ತಾರೆ. ದೊಡ್ಡಮ್ಮ ಒಂದು ದಿನವೂ ಮಾರ್ಕು ಕೇಳಿದವರಲ್ಲ. ನಾನು ಚೀಲ ಇಳಿಸುವ ಮೊದಲೇ ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ: "ಇವತ್ತು ಮಧ್ಯಾಹ್ನ ಯಾರೊಟ್ಟಿಗೆ ಊಟ ಮಾಡಿದ್ದು?"

ನಾನು ಊಟ ಮಾಡುತ್ತಿದ್ದದ್ದು ಒಬ್ಬಳೇ. ರಜೆಯ ದಿನಗಳಲ್ಲಿ ನಾನೂ ಕಟ್ಟುತ್ತಿದ್ದೆ, ಬೀಡಿ ಕಟ್ಟುವವರ ಬೆರಳಿನಿಂದ ಹೊಗೆಸೊಪ್ಪಿನ ವಾಸನೆ ಹೋಗುವುದಿಲ್ಲ. ಎಷ್ಟು ಸಾಬೂನು ಹಾಕಿದರೂ ಅನ್ನ ಕಲಸುವಾಗ ಅದು ಮೇಲೆ ಬರುತ್ತದೆ. ಯಾರೂ ನನ್ನನ್ನು ಏಳು ಎಂದಿರಲಿಲ್ಲ. ಒಬ್ಬಳು ಮೂಗು ಉಜ್ಜಿಕೊಂಡದ್ದನ್ನು ನೋಡಿ ನಾನೇ ಎದ್ದು ನಲ್ಲಿಯ ಹಿಂದಿನ ಮೆಟ್ಟಿಲಿಗೆ ಹೋಗಿದ್ದೆ. ಅಲ್ಲೇ ಉಳಿದೆ.

"ಎಲ್ಲರೊಟ್ಟಿಗೆ," ಎಂದೆ.

"ಎಲ್ಲರು ಅಂದರೆ ಯಾರು? ಹೆಸರು ಹೇಳು."

ಬಾಯಿಗೆ ಬಂದದ್ದು ಐರಿನ್. ಅವಳು ಮೊದಲ ಬೆಂಚಿನ ಹುಡುಗಿ, ಮನೆಯಲ್ಲಿ ಕೊಂಕಣಿ ಮಾತಾಡುವವಳು, ತಂದೆಗೆ ಬಟ್ಟೆ ಅಂಗಡಿ. ನನ್ನೊಡನೆ ಅವಳು ಅದುವರೆಗೆ ಆಡಿದ ಮಾತು ಒಂದೇ, ದಾರಿಗೆ ಅಡ್ಡ ನಿಂತಿದ್ದಾಗ ಹೇಳಿದ "ಸ್ವಲ್ಪ ಸರಿ." ದಿನಾ ಕೇಳುತ್ತಾರಲ್ಲ, ದಿನಾ ಐರಿನ್ ಎಂದೆ. ಅವಳ ಬುತ್ತಿಯಲ್ಲಿ ಏನಿತ್ತು ಎಂದೂ ಹೇಳತೊಡಗಿದೆ. ಒಂದು ದಿನ ಆಮ್ಲೆಟ್, ಒಂದು ದಿನ ಹುರಿದ ಮೀನು. ಸುಳ್ಳಿನಲ್ಲಿ ಊಟ ಮಾಡುವಾಗ ಕಡಿಮೆ ಯಾಕೆ ಮಾಡಬೇಕು?

ಹೆತ್ತವರನ್ನು ಶಾಲೆಗೆ ಕರೆಯುವ ಕ್ಲಾಸ್ ಪಿಟಿಎ ದಿನ ಅಮ್ಮನ ಬದಲಿಗೆ ದೊಡ್ಡಮ್ಮ ಬಂದರು. ಸೆರಗಿನಲ್ಲಿ ಕತ್ತರಿ ಇತ್ತು, ಮರೆತು ತಂದದ್ದಂತೆ. ಟೀಚರ್ ಹೆತ್ತವರಿಗೆ ಪ್ರಶ್ನೆ ಇದೆಯಾ ಎಂದು ಕೇಳಿದಾಗ ನನಗೆ ಫ್ರಾನ್ಸಿನ ಪಾತ್ರೆಗಳು ನೆನಪಾಗಿ ಬೆವರು ಬಂತು. ಆದರೆ ದೊಡ್ಡಮ್ಮ ಎದ್ದು ಟೀಚರನ್ನು ಬಿಟ್ಟು ನೇರ ಮೊದಲ ಸಾಲಿಗೆ ಹೋಗಿ, ಐರಿನ್ ಹೆಸರು ಕರೆದಾಗ ಮಗಳೊಟ್ಟಿಗೆ ಎದ್ದು ನಿಂತಿದ್ದ ಹೆಂಗಸಿಗೆ ಕೈಮುಗಿದರು. "ಐರಿನ್‌ನ ಅಮ್ಮ ನೀವಲ್ವಾ? ನಿಮ್ಮ ಮಗಳು ನಮ್ಮ ಹುಡುಗಿಯೊಟ್ಟಿಗೆ ದಿನಾ ಊಟ ಮಾಡ್ತಾಳೆ. ಮೀನೂ ಕೊಡ್ತಾಳೆ. ದೊಡ್ಡ ಉಪಕಾರ."

ಭೂಮಿ ಬಾಯಿ ಬಿಡುವುದೆಂದರೆ ಅದರ ಸಮಯ ಅದೇ ಆಗಿತ್ತು. ಬಿಡಲಿಲ್ಲ. ಆ ತಾಯಿ ಮಗಳ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಹೌದು ಮಮ್ಮಿ," ಎಂದಳು ಐರಿನ್.

ಮರುದಿನ ಮಧ್ಯಾಹ್ನ ಅವಳು ಬುತ್ತಿ ಹಿಡಿದುಕೊಂಡು ನಲ್ಲಿಯ ಹಿಂದಿನ ಮೆಟ್ಟಿಲಿಗೆ ಬಂದಳು. "ನಿನ್ನ ದೊಡ್ಡಮ್ಮನ ಹತ್ತಿರ ಸುಳ್ಳು ಹೇಳಿದ್ದು ನೀನು. ನನ್ನ ಅಮ್ಮನ ಹತ್ತಿರ ನನ್ನಿಂದಲೂ ಹೇಳಿಸಿದೆ. ನನಗೆ ಕುಂಪಸಾರಕ್ಕೆ ಹೋಗಬೇಕು ಈಗ, ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಳ್ಳಲಿಕ್ಕೆ," ಎಂದಳು. "ಅದಕ್ಕಿಂತ ಒಟ್ಟಿಗೆ ತಿನ್ನುವುದೇ ಸುಲಭ. ಸ್ವಲ್ಪ ಸರಿ."

ಆಮೇಲೆ ಅವಳು ಜಗಲಿಗೂ ಬಂದಳು. ಅವಳಿಗೆ ಗಣಿತ ನೀರು ಕುಡಿದ ಹಾಗೆ. ಅವಳೂ ಓದಿದಳು, ಬಿಡಿಸಿದಳು. ಈಗ ದೊಡ್ಡಮ್ಮನಿಗೆ ಕಾನೂನಿನ ತೊಡಕು ಬಂತು! ಓದಿದವರ ಪಾಲು ಕೇಳಿದವರು ಕಟ್ಟಬೇಕು, ಇವಳಿಗೆ ಪಾಲೇ ಇಲ್ಲವಲ್ಲ? ಋಣ ಇಟ್ಟುಕೊಳ್ಳುವುದು ಹೇಗೆ? ಬಹಳ ಚರ್ಚೆ ನಡೆದು, ಕಮಲಕ್ಕ ಅವಳ ತಲೆಗೆ ಎರಡು ಜಡೆ ಹೆಣೆದುಕೊಡುವುದೆಂದು ತೀರ್ಮಾನವಾಯಿತು.

ಹತ್ತನೆಯದ್ದರ ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಎಲ್ಲ ಕೆಟ್ಟಿತು. ನಾವು ಬೀಡಿ ಕೊಡುವ ಕಂಪೆನಿಯ ಬ್ರಾಂಚಿನಲ್ಲಿ ನನ್ನ ಪಾಲನ್ನು ಪೂರ್ತಿ ಹಿಂದೆ ಕಳಿಸಿದರು. ಸಡಿಲ ಕಟ್ಟಿದ್ದಂತೆ. ವರ್ಗ ಸಮೀಕರಣ ಕೇಳುತ್ತಾ ಕೇಳುತ್ತಾ ಮೂವರ ಬೆರಳುಗಳೂ ದಾರಿ ತಪ್ಪಿದ್ದವು. ಅಮ್ಮ ಆ ಬೀಡಿಗಳನ್ನು ಜಗಲಿಗೆ ಸುರಿದರು. "ಸಾಕಕ್ಕ. ಮಾತು ಮಾತೇ. ನಾಳೆಯಿಂದ ಅವಳು ಶಾಲೆಗೆ ಹೋಗುವುದು ಬೇಡ." ಅಮ್ಮ ಕೆಟ್ಟವರಲ್ಲ. ಆಚೆ ನಮ್ಮ ಮನೆಯಲ್ಲಿ ಅಪ್ಪ ಇನ್ನೂ ಮಲಗಿಯೇ ಇದ್ದರು.

ದೊಡ್ಡಮ್ಮ ಜಗಳವಾಡಲಿಲ್ಲ. ಬಿದ್ದ ಬೀಡಿಗಳನ್ನು ಒಂದೊಂದಾಗಿ ಹೆಕ್ಕಿ ನೂಲು ಬಿಡಿಸತೊಡಗಿದರು. "ಅವಳು ಸರಿಯಾಗಿಯೇ ಓದಿದ್ದು. ತಪ್ಪು ಕೈಯದ್ದು. ಕೈಗೆ ಶಿಕ್ಷೆ ಕೊಡು, ಬಾಯಿಗೆ ಎಂತಕ್ಕೆ?" ಎಂದರು. ನನ್ನ ಕಡೆ ತಿರುಗಿ, "ನಿಲ್ಲಿಸಿದ್ದು ಎಂತಕ್ಕೆ? ಎರಡು ಉತ್ತರ ಬರ್ತದೆ ಅಂತ ಹೇಳಿದಿಯಲ್ಲ, ಎರಡನೆಯದ್ದು ಎಂತ?"

ನಾನು ಅಳುತ್ತಾ ಎರಡನೇ ಉತ್ತರ ಹೇಳಿದೆ. ಆ ಸಂಜೆ ಅವರು ನನ್ನ ಪಾಲನ್ನು ಒಬ್ಬರೇ ಮತ್ತೆ ಕಟ್ಟಿದರು. ಪರೀಕ್ಷೆ ಮುಗಿಯುವವರೆಗೂ ನನ್ನದನ್ನು ಮೊದಲು, ತಮ್ಮದನ್ನು ಆಮೇಲೆ. ಒಂದು ಬೀಡಿಯೂ ಹಿಂದೆ ಬರಲಿಲ್ಲ. ಅಮ್ಮ ಷರತ್ತಿನ ಮಾತು ಮತ್ತೆ ಎತ್ತಲಿಲ್ಲ.

ಗಣಿತದ ಪರೀಕ್ಷೆಯ ದಿನ ಒಂದು ಲೆಕ್ಕದಲ್ಲಿ ಅವಸರ ಮಾಡಿದಾಗ ಕಿವಿಯಲ್ಲಿ ಟಕ್ ಟಕ್ ಎಂದಿತು. ಬಸ್ಸನ್ನು ಹಿಂದೆ ತಂದೆ. ಪಾಸಾದೆ! ಮುಂದೆ ಪ್ಲಸ್ ಟು, ಡಿಗ್ರಿ. ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಸುಲಭದಲ್ಲಿ ಸಿಕ್ಕಿದ್ದಲ್ಲ. ನನ್ನ ನಂತರ ತಂಗಿ, ಕಮಲಕ್ಕನ ಮಗಳು, ನೆಬೀಸಳ ಮಗಳು ಅದೇ ಹೊಸ್ತಿಲ ಮೇಲೆ ಕೂತು ಓದಿದರು. ದೊಡ್ಡಮ್ಮ ಪ್ರತಿ ಸಲವೂ ರಾಜನ ತಲೆ ಹೋದ ಮೇಲೆ ಪಾತ್ರೆ ತೊಳೆಯುವವರನ್ನು ವಿಚಾರಿಸಿದರು. ಉತ್ತರ ಇನ್ನೂ ಬಂದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಜಗಲಿಯಲ್ಲಿ ಓದುವ ಸ್ವರ ಕೇಳಿತು. ಇನ್ನು ಯಾರ ಮಗುವಪ್ಪ ಎಂದು ಇಣುಕಿದೆ. ಮೊರ ಬದಿಯಲ್ಲಿತ್ತು. ದೊಡ್ಡಮ್ಮ ಹೊಸ್ತಿಲ ಮೇಲೆ ಕೂತು ಅಕ್ಷರಗಳ ಅಡಿಯಲ್ಲಿ ಬೆರಳು ಇಟ್ಟುಕೊಂಡು ಓದುತ್ತಿದ್ದರು. ಪಂಚಾಯತಿನ ಸಾಕ್ಷರತಾ ತರಗತಿಗೆ ಸೇರಿದ್ದಾರಂತೆ, ಭಾನುವಾರ ಭಾನುವಾರ, ನಾಲ್ಕನೆಯದ್ದಕ್ಕೆ.

"ಹತ್ತನೆಯದ್ದು ನಾಲ್ಕು ಸಲ ಆಯ್ತಲ್ಲ ದೊಡ್ಡಮ್ಮ, ಇನ್ನು ನಾಲ್ಕನೆಯದ್ದು ಎಂತಕ್ಕೆ?"

"ಅದು ಒಂದು ಸಲವೂ ಆಗಲಿಲ್ಲ ಮಗಾ." ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದರು. "ಶೆಡ್ಡಿನಲ್ಲಿ ಆ ಎತ್ತರದ ಬೆಂಚು ಇತ್ತಲ್ಲ. ಒಂದು ದಿನ ಅದರಲ್ಲಿ ಕೂರಬೇಕು ಅಂತ ನನಗೆ ಆಸೆ ಇತ್ತು."

ನಾನು ಮೊರವನ್ನು ಮಡಿಲಿಗೆ ಎಳೆದುಕೊಂಡೆ. ಎಷ್ಟೋ ವರ್ಷವಾಗಿತ್ತು. ಮೊದಲ ಎರಡು ಎಲೆ ಹರಿದವು, ಮೂರನೆಯದ್ದು ಸುರುಟಿಕೊಂಡಿತು. ಅವರು ಒಂದೊಂದೇ ಅಕ್ಷರ ಕೂಡಿಸುತ್ತಾ ಹೋದರು. ಒಂದು ಕಡೆ ತಡವರಿಸಿದಾಗ ನಾನು ಕತ್ತರಿಯಿಂದ ಮೊರಕ್ಕೆ ಎರಡು ಸಲ ಬಡಿದೆ. ಅವರು ನಗದೆ, ಬಹಳ ಗಂಭೀರವಾಗಿ, ಹಿಂದಿನ ಸಾಲಿಗೆ ಹೋದರು.

ಪಾಠ ಮುಗಿದ ಮೇಲೆ ಕೇಳಿದೆ: "ಕ್ಲಾಸಿನಲ್ಲಿ ಮಧ್ಯಾಹ್ನ ಯಾರೊಟ್ಟಿಗೆ ಊಟ ಮಾಡುವುದು?"

ದೊಡ್ಡಮ್ಮ ತಮ್ಮ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡರು.

"ಎಲ್ಲರೊಟ್ಟಿಗೆ."

ಮರುದಿನ ಭಾನುವಾರ, ನಾನು ಬೆಳಗಿನ ಬಸ್ಸಿಗೆ ಹಿಂದಿರುಗಬೇಕಿತ್ತು. ಹೋಗಲಿಲ್ಲ. ಎರಡು ಬುತ್ತಿ ಕಟ್ಟಿಕೊಂಡು ಅವರೊಟ್ಟಿಗೆ ಸಾಕ್ಷರತಾ ತರಗತಿಗೆ ಹೊರಟೆ. ಒಂದರಲ್ಲಿ ಹುರಿದ ಮೀನು ಸ್ವಲ್ಪ ಜಾಸ್ತಿಯೇ ಹಾಕಿದ್ದೆ, ಬದಿಯಲ್ಲಿ ಕೂರುವವರಿಗೂ ಆಗಲಿ ಎಂದು.