ಮೂರು ಗಂಟೆಯ ಬಡತನ

ಪಕ್ಕದ ಮನೆಯ ಟೀಚರಿಗೆ ಪೇಪರ್ ಓದುವ ಅಭ್ಯಾಸ ಇಲ್ಲದಿದ್ದರೆ ಚಿತ್ರಕಾರನ ಆ ದಿನ ನೆಟ್ಟಗೆ ಕಳೆದುಹೋಗುತ್ತಿತ್ತು.

"ಇವತ್ತು ನಿಮ್ಮ ಚಿತ್ರ ಕೊಳ್ಳೋಕೆ ಬರ್ತಿರೋ ಸಾಹುಕಾರರು ಏನು ಹೇಳಿದ್ದಾರೆ ನೋಡಿ," ಎಂದರು ಆಕೆ. "ಕಷ್ಟದಲ್ಲಿರೋರ ಕೈಯಿಂದ ಮಾತ್ರ ಒಳ್ಳೇ ಚಿತ್ರ ಬರತ್ತಂತೆ. ನಿಮ್ಮನೇಲಿ ಸೋಫಾ ಇದೆಯಲ್ಲ?"

ಸೋಫಾ ಇತ್ತು. ಹೆಂಡತಿಯ ಸಂಬಳದಲ್ಲಿ ಬಂದದ್ದು. ಫ್ರಿಜ್ಜೂ ಅಷ್ಟೆ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: ಇವತ್ತು ಒಂದು ಚಿತ್ರವಾದರೂ ಮಾರಾಟವಾಗದಿದ್ದರೆ ನಾಳೆಯಿಂದ ತನ್ನ ತಮ್ಮನ ಪೇಂಟ್ ಅಂಗಡಿಯಲ್ಲಿ ಕೆಲಸ.

ಸಾಹುಕಾರರು ಬರುವಷ್ಟರಲ್ಲಿ ಮನೆ ಬಡವಾಗಬೇಕಿತ್ತು; ಸಾಮಾನು ಹೊರಲು ಆ ತಮ್ಮನೇ ಬಂದ. "ನೀವು ಹಿಡೀಬೇಡಿ ಭಾವ, ಕೈ ಉಳುಕಿದ್ರೆ ಕಲೆಗೆ ಪೆಟ್ಟು."

ಫ್ರಿಜ್ಜು ಮೆಟ್ಟಿಲ ತಿರುವಿನಲ್ಲಿ ಮುನಿಸಿಕೊಂಡ ಅಳಿಯನಂತೆ ಅಡ್ಡ ನಿಂತಿತು. ಕೊನೆಗೆ ಅದೂ ಸೋಫಾವೂ ಟೀಚರ್ ಮನೆ ಸೇರಿದವು. ಟೀಚರು ಪರೀಕ್ಷೆಯ ಕೊಠಡಿ ತಪಾಸಣೆ ಮಾಡುವವರ ಹಾಗೆ ಒಂದು ಸುತ್ತು ಬಂದು ಗೋಡೆ ಗಡಿಯಾರವನ್ನೂ ಇಳಿಸಿದರು.

"ಬಡತನಕ್ಕೂ ಒಂದು ಶಿಸ್ತು ಬೇಡ್ವಾ?" ಎಂದು, ಚಿತ್ರಕಾರನ ಇಸ್ತ್ರಿ ಅಂಗಿ ತೆಗೆಸಿ, ನೆಲ ಒರೆಸುವ ಬಟ್ಟೆಯಾಗಲು ಕಾಯುತ್ತಿದ್ದ ಅಂಗಿಯೊಂದನ್ನು ಹಾಕಿಸಿದರು.

ಮೂರಕ್ಕೆ ಸಾಹುಕಾರರು ಬಂದರು. ಖಾಲಿ ಕೋಣೆ ಕಂಡು ಕಣ್ಣೊರೆಸಿಕೊಂಡರು. ಚಿತ್ರಗಳ ಮುಂದೆ ಅರ್ಧ ಗಂಟೆ ನಿಂತರು.

"ಒಂದೊಂದು ಗೆರೇಲೂ ಹಸಿವು ಕಾಣತ್ತೆ," ಎಂದರು.

ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಂಡಿದ್ದ ಚಿತ್ರಕಾರ ತಲೆ ತಗ್ಗಿಸಿದ.

"ಚೆಕ್ ಬುಕ್ ತಂದಿದ್ದೆ. ಆದ್ರೆ ಈಗ ಬರೆಯೋಕೆ ಮನಸ್ಸು ಬರ್ತಿಲ್ಲ."

"ಯಾಕೆ ಸರ್?"

"ನಾನು ದುಡ್ಡು ಕೊಟ್ರೆ ನೀವು ಸೋಫಾ ತಗೋತೀರಿ. ಅಲ್ಲಿಗೆ ನಿಮ್ಮ ಕಲೆ ಮುಗೀತು. ಆ ಪಾಪ ನನಗೆ ಬೇಡ."

ಇಷ್ಟು ದಿನ ತಾನು ಮೂಗು ಮುರಿಯುತ್ತಿದ್ದ ಪೇಂಟ್ ಅಂಗಡಿ ಚಿತ್ರಕಾರನಿಗೆ ಈಗ ಅರಮನೆಯಂತೆ ಕಂಡಿತು. ಬಾಗಿಲಲ್ಲೇ ನಿಂತಿದ್ದ ಬಾಮೈದನ ಕಡೆ ತಿರುಗಿ, "ನಾಳೆ ಅಂಗಡಿಗೆ ಎಷ್ಟು ಹೊತ್ತಿಗೆ ಬರಲಪ್ಪ?" ಎಂದ.

ಸಾಹುಕಾರರು ಗಾಬರಿಬಿದ್ದು ಬಾಮೈದನ ಎರಡೂ ಕೈ ಹಿಡಿದುಕೊಂಡರು. "ತಿಂಗಳ ಸಂಬಳನಾ? ಬೇಡಪ್ಪ. ಇಂಥವರನ್ನ ಉಳಿಸ್ಕೊಳ್ಳೋದು ನಮ್ಮ ನಿಮ್ಮ ಕೈಲಿದೆ."

ಅಷ್ಟು ದೊಡ್ಡ ಮನುಷ್ಯರು ಯಾರೂ ಈವರೆಗೆ ಬಾಮೈದನ ಕೈ ಹಿಡಿದಿರಲಿಲ್ಲ. ಅವನು ಎದೆ ಸೆಟೆಸಿ ಭಾವನ ಕಡೆ ತಿರುಗಿದ.

"ಇಲ್ಲ ಭಾವ," ಎಂದ. "ನಾನು ಕೆಲಸ ಕೊಡಲ್ಲ. ಅಕ್ಕ ಆಫೀಸಿಂದ ಬಂದ್ಮೇಲೆ ವಿಷಯ ನೀವೇ ಹೇಳಿ. ಅದೂ ಒಂದು ಕಷ್ಟಾನೇ, ಕಲೆಗೆ ಒಳ್ಳೇದು."