ನವಿಲಿನ ಮೂರನೇ ಕಾಲು

ತಿಥಿ ಮುಗಿದ ಮರುದಿನ ಬೆಳಿಗ್ಗೆ ಶಶಿರೇಖಾ ಇಬ್ಬರಿಗೆ ಕಾಫಿ ಮಾಡಲು ಹೋಗಿ ಹದಿನೆಂಟು ಲೋಟ ಕಾಫಿ ಮಾಡಿದಳು. ಹನ್ನೊಂದು ದಿನ ಮನೆ ತುಂಬ ನೆಂಟರಿದ್ದರು. ಅಳತೆ ಕೈಗೆ ಕೂತುಬಿಟ್ಟಿತ್ತು. ಈಗ ಉಳಿದವರು ಅವಳು ಮತ್ತು ಅತ್ತೆ ಅಮ್ಮಯಮ್ಮ.

"ಇಷ್ಟೊಂದ್ ಯಾರವ್ವ ಕುಡೀತಾರೆ?" ಎಂದರು ಅಮ್ಮಯಮ್ಮ, ಪಾತ್ರೆಯೊಳಗೆ ಬಗ್ಗಿ ನೋಡಿ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಬಂದವರು ರಾಮಾಂಜಿನಪ್ಪ. ಬೀದಿಯ ನೇಕಾರರ ಸಂಘದ ಅಧ್ಯಕ್ಷರು, ಇಪ್ಪತ್ತನಾಲ್ಕು ಮಗ್ಗಗಳ ಯಜಮಾನರು. ಚಪ್ಪಲಿ ಬಿಟ್ಟವರೇ ನೇರವಾಗಿ ಶಶಿರೇಖಾಳ ಗಂಡ ವಸಂತನ ಫೋಟೋ ಮುಂದೆ ಕೈಮುಗಿದು ನಿಂತರು. ದೇವಸ್ಥಾನದಲ್ಲೂ ಅವರು ಅಷ್ಟು ಹೊತ್ತು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಕಣ್ಣು ಭಕ್ತಿಯಿಂದ ಮುಚ್ಚಿತ್ತು. ಇನ್ನೊಂದು ಫೋಟೋದ ಕೆಳಗೆ ಏನನ್ನೋ ನೋಡುತ್ತಿತ್ತು.

"ಏನಾದ್ರೂ ಬೇಕಿತ್ತಾ ಯಜಮಾನ್ರೇ?" ಎಂದಳು ಶಶಿರೇಖಾ.

"ಏನೂ ಇಲ್ಲ ಕಣಮ್ಮ. ಸುಮ್ನೆ ಬಂದೆ," ಎಂದು ಕಾಫಿ ಕುಡಿದು, ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿ ಹೋದರು.

ಹತ್ತು ನಿಮಿಷಕ್ಕೆ ಅಪ್ಪಯ್ಯಣ್ಣ ಬಂದರು. ಅವರದು ಎಂಟು ಮಗ್ಗ. ಅವರೂ ಸುಮ್ಮನೆ ಬಂದಿದ್ದರು. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮೂವರು. ಎಲ್ಲರೂ ಫೋಟೋಗೆ ಕೈಮುಗಿದರು, ಎಲ್ಲರೂ ನಿಟ್ಟುಸಿರು ಬಿಟ್ಟರು, ಎಲ್ಲರೂ ಕಾಫಿ ಕುಡಿದರು.

"ನನ್ ಮಗ ಬದುಕಿದ್ದಾಗ ಇಷ್ಟ್ ಮರ್ಯಾದೆ ಇರ್ನಿಲ್ಲ," ಎಂದರು ಅಮ್ಮಯಮ್ಮ ಅನುಮಾನದಿಂದ.

ಕೊನೆಗೆ ಬಂದವನು ಸುನಿಲ್‌ಕುಮಾರ್. ಸಂಘದ ಡಿಸೈನ್ ಸೆಂಟರಿನಲ್ಲಿ ವಸಂತನ ಕೈಕೆಳಗೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು, ಇಬ್ಬರು ಮಕ್ಕಳ ತಂದೆ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು. ಅವನು ನಿಂತು ಕೈಮುಗಿಯಲಿಲ್ಲ. ಉದ್ದಂಡ ಅಡ್ಡಬಿದ್ದ. ಬಿದ್ದಲ್ಲಿಂದ ಅವನ ಬಲಗೈ ನೆಲದ ಮೇಲೆ ತೆವಳುತ್ತ ತೆವಳುತ್ತ ದೀಪದ ಕಡೆ ಹೊರಟಿತು.

"ಸುನಿಲ್, ಕೈ ಎಲ್ಲಿಗೆ ಹೋಗ್ತಿದೆ?"

ಕೈ ನಿಂತಿತು. "ಅತ್ತಿಗೆ... ಲಾಳಿ."

ಶಶಿರೇಖಾ ಆಗ ನೋಡಿದಳು. ದೀಪದ ಪಕ್ಕದಲ್ಲಿ ವಸಂತನ ಕನ್ನಡಕ, ಅದರ ಪಕ್ಕದಲ್ಲಿ ಒಂದು ಹಳೆಯ ಮರದ ಲಾಳಿ, ಮಗ್ಗದಲ್ಲಿ ಹೊಕ್ಕಿನ ನೂಲು ಎಳೆಯುವಂಥದ್ದು. ಮೈಗೆ ನೀಲಿ ಬಣ್ಣ ಬಳಿದಿತ್ತು. ಕೊನೆಯ ಸಂಜೆ ಅವನ ಬ್ಯಾಗಿನಲ್ಲಿ ಇದ್ದದ್ದು. ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ. ಅಮ್ಮಯಮ್ಮ ಬ್ಯಾಗು ತೆರೆದು, ಮಗನಿಗೆ ಪ್ರೀತಿಯದೇ ಇರಬೇಕೆಂದು ಎಡೆಯ ಮುಂದೆ ಇಟ್ಟಿದ್ದರು.

"ದೊಡ್ಡಬಳ್ಳಾಪುರದಲ್ಲಿ ಲಾಳಿಗೆ ಬರವೇ?" ಎಂದಳು.

"ಇದು ಆ ಥರ ಲಾಳಿ ಅಲ್ಲ ಅತ್ತಿಗೆ. ಇದು ಕಮಿಟ್ ಲಾಳಿ."

ಸಂಗತಿ ಹೀಗಿತ್ತು. ಡಿಸೈನ್ ಸೆಂಟರಿನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಸೀರೆಯ ಚಿತ್ತಾರ ಬರೆಯುವ ತಂತ್ರಾಂಶವನ್ನು ಎಲ್ಲೆಲ್ಲಿಯವರೋ ಪುಣ್ಯಾತ್ಮರು ಬರೆದು ಜಗತ್ತಿಗೆ ಪುಕ್ಕಟೆ ಬಿಟ್ಟಿದ್ದರು. ಬೀದಿಯ ಎಲ್ಲ ನವಿಲು, ಮಾವಿನಕಾಯಿ, ಬಳ್ಳಿಗಳು ರೆಪಾಸಿಟರಿ ಎಂಬ ಒಂದೇ ಕಣಜದಲ್ಲಿದ್ದವು. ಯಾರು, ಯಾವಾಗ, ಯಾಕೆ, ಏನನ್ನು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು. ಹಾಗೆ ದಾಖಲಿಸುವುದಕ್ಕೆ ಕಮಿಟ್ ಎಂದು ಹೆಸರು. ಮಗ್ಗದವರು ಬೆಳಿಗ್ಗೆ ಬಂದು ಹೊಸ ಚಿತ್ತಾರವನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಹೋಗಿ ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಸಿಕ್ಕಿಸುತ್ತಿದ್ದರು. ಮೊದಮೊದಲು ಯಾರು ಬೇಕಾದರೂ ಬದಲಿಸುತ್ತಿದ್ದರು. ಒಂದು ವಾರ ಬೀದಿಯ ಮಾವಿನಕಾಯಿಗಳೆಲ್ಲ ಗಿಳಿಯ ಕೊಕ್ಕು ಇಟ್ಟುಕೊಂಡು ಹೊರಬಂದ ಮೇಲೆ ವಸಂತ ಕಾಯಿದೆ ಮಾಡಿದ: ನೀಲಿ ಲಾಳಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಬದಲಿಸಬೇಕು, ಕೆಲಸವಾದ ಮೇಲೆ ಲಾಳಿಯನ್ನು ಗೋಡೆಯ ಮೊಳೆಗೆ ತೂಗುಹಾಕಬೇಕು. ತಡೆ ಹಾಕುವ ಉಪಾಯ ಕಂಪ್ಯೂಟರಿನಲ್ಲೇ ಬೇಕಾದಷ್ಟಿತ್ತು. ಆದರೆ ಬೀದಿಯವರು ಕೈಗೆ ಸಿಗುವುದನ್ನು ಮಾತ್ರ ನಂಬುವ ಜನ.

"ಈಗ ಏನಾಗಿದೆ?"

ಸುನಿಲ್‌ಕುಮಾರ್ ಎದ್ದು ಕುಳಿತ. "ರಾಮಾಂಜಿನಪ್ಪೋರ ನವಿಲಿಗೆ ಮೂರ್ ಕಾಲು ಬಂದ್ಬಿಟ್ಟಿದೆ ಅತ್ತಿಗೆ. ಮದುವೆ ಸೀರೆ. ಮೊದ್ಲು ಒಂದೇ ಕಾಲಿತ್ತು. ಚಿಕ್ಕಪೇಟೆ ಸೇಠು ಕುಂಟು ನವಿಲು ಬೇಡ ಅಂದ. ಈಗ ಮೂರಾಗಿದೆ, ಇದೂ ಬೇಡ ಅಂತಾನೆ. ಹನ್ನೊಂದ್ ದಿನದಿಂದ ಇಪ್ಪತ್ನಾಲ್ಕು ಮಗ್ಗ ನಿಂತವೆ. ಇವತ್ತು ಸಂಜೆ ಐದಕ್ಕೆ ಅವನ ಮನುಷ್ಯ ಬರ್ತಾನೆ. ಎರಡು ಕಾಲಿನ ನವಿಲು ತೋರಿಸ್ದಿದ್ರೆ ಆರ್ಡರ್ ಬೇರೆ ಊರಿಗೆ."

"ಹನ್ನೊಂದು ದಿನ ಯಾಕೆ ಕೇಳಲಿಲ್ಲ?"

"ಸಾವಿನ ಮನೇಲಿ ಹೆಂಗ್ ಕೇಳೋದು? ತಿಥಿ ದಿನ ಎಲ್ರೂ ನೋಡಿದ್ವಿ. ರಾಮಾಂಜಿನಪ್ಪೋರಿಗೆ ವಡೆ ಗಂಟಲಲ್ಲಿ ಇಳೀಲಿಲ್ಲ."

"ಬೇರೆ ಲಾಳಿಗೆ ನೀಲಿ ಬಣ್ಣ ಬಳ್ಕೋಬೋದಿತ್ತಲ್ಲ?"

"ಬಳಿದ್ರು," ಎಂದ ಅವನು ತಲೆ ತಗ್ಗಿಸಿ. "ಏಳು ಜನ ಬಳಿದ್ರು."

ಅಮ್ಮಯಮ್ಮ ಫೋಟೋಗೆ ಅಡ್ಡವಾಗಿ ಕುಳಿತರು. "ಎಡೆಗಿಟ್ಟಿದ್ದನ್ನ ಎತ್ತಿಕೊಡಕ್ಕಾಗಲ್ಲ. ಹೋಗಪ್ಪ."

"ಅಜ್ಜಿ, ಜನ ಏನಂತಾವ್ರೆ ಗೊತ್ತಾ? ಮೂರನೇ ಕಾಲು ವಸಂತಣ್ಣಾನೇ ಇಟ್ಟಿದ್ದು ಅಂತಾವ್ರೆ."

"ಯಾವನ್ಲಾ ಅಂದೋನು?" ಅಮ್ಮಯಮ್ಮ ಎದ್ದೇ ನಿಂತರು. "ಎಸ್ಸೆಸೆಲ್ಸೀಲಿ ಲೆಕ್ಕಕ್ಕೆ ನೂರಕ್ಕೆ ನೂರು ತೆಗ್ದೋನು ನನ್ ಮಗ. ಅವನಿಗೆ ಒಂದು ಹಕ್ಕಿಗೆ ಎಷ್ಟು ಕಾಲು ಅಂತ ಗೊತ್ತಿಲ್ವಾ? ಶಶಿ, ಲಾಳಿ ತಗೊ. ಬೇರೆಯೋರ ಕೈಗೆ ಕೊಡಬ್ಯಾಡ. ನೀನೇ ಹೋಗಿ ಸರಿ ಮಾಡ್ಬುಟ್ ಬಾ. ಎಂಸಿಎ ಓದ್ಸಿರೋದು ಯಾಕೆ?"

ಎಂಸಿಎ ಓದಿಸಿದ್ದು ಅಮ್ಮಯಮ್ಮನಲ್ಲ, ಶಶಿರೇಖಾಳ ಅಪ್ಪ. ಆದರೆ ಅದನ್ನು ಹೇಳುವ ಹೊತ್ತಾಗಿರಲಿಲ್ಲ.

ಎದುರುಮನೆಯ ಮಮತ ಕಾಂಪೌಂಡಿನಿಂದಲೇ ತಡೆದಳು. "ಇದೇನ್ರೀ, ನಿನ್ನೆ ತಿಥಿ ಆಗಿದೆ, ಇವತ್ತೇ ಹೊರಗೆ ಕಳಿಸ್ತೀರಾ? ನೋಡಿದವ್ರು ಏನಂದಾರು?"

"ನೋಡಿದವ್ರು ನೀನೊಬ್ಳೇ ಕಣವ್ವ. ಏನೂ ಅನ್ನಬ್ಯಾಡ, ಮುಗೀತು," ಎಂದರು ಅಮ್ಮಯಮ್ಮ.

ಹಾಗೆ ಶಶಿರೇಖಾ, ಕೈಯಲ್ಲಿ ಲಾಳಿ ಹಿಡಿದು, ಬೀದಿಯಲ್ಲಿ ಹೊರಟಳು. ಹಿಂದೆ ಸುನಿಲ್‌ಕುಮಾರ್. ಅವನ ಹಿಂದೆ ಒಂದೊಂದು ಬಾಗಿಲಿಂದ ಒಬ್ಬೊಬ್ಬರು. ಸೆಂಟರು ಮುಟ್ಟುವ ಹೊತ್ತಿಗೆ ಇಪ್ಪತ್ತು ಜನರಾಗಿದ್ದರು, ದೇವರ ಉತ್ಸವಮೂರ್ತಿ ಹೊರಟ ಹಾಗೆ.

ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಗುಟ್ಟಾಗಿರಲಿ ಎಂದು ಅದನ್ನು ಮಾನಿಟರಿನ ಮುಂದೆ ಅಂಟಿಸದೆ ಹಿಂದೆ ಅಂಟಿಸಲಾಗಿತ್ತು.

"ಹೆಂಗೂ ಲಾಳಿ ಬಂದಿದೆಯಲ್ಲಮ್ಮ," ಎಂದರು ಅಪ್ಪಯ್ಯಣ್ಣ ಹೆಗಲ ಮೇಲಿಂದ ಬಗ್ಗಿ, "ನನ್ ಮಾವಿನಕಾಯಿ ಒಸಿ ದಪ್ಪ ಮಾಡ್ಬುಡು."

"ಮೊದ್ಲು ನವಿಲು!" ಎಂದರು ರಾಮಾಂಜಿನಪ್ಪ.

"ನವಿಲು ಎಲ್ಲಿ ಓಡೋಗ್ತದೆ? ಮೂರ್ ಕಾಲಿದ್ರೂ ಹನ್ನೊಂದ್ ದಿನದಿಂದ ಅಲ್ಲೇ ನಿಂತದೆ."

ಶಶಿರೇಖಾ ದಾಖಲೆ ತೆರೆದಳು. ಹನ್ನೆರಡು ದಿನದ ಹಿಂದೆ, ಒಂದೇ ಸಂಜೆ, ನವಿಲಿಗೆ ಎರಡು ಬದಲಾವಣೆಗಳಾಗಿದ್ದವು. ಒಬ್ಬರು ಮುಂದುಗಡೆ ಒಂದು ಕಾಲು ಇಟ್ಟಿದ್ದರು, ಇನ್ನೊಬ್ಬರು ಹಿಂದುಗಡೆ ಒಂದು. ಇಬ್ಬರೂ ಒಂದೇ ಜಾಗದಲ್ಲಿ ಕೈಹಾಕಿದ್ದರೆ ಕಂಪ್ಯೂಟರು ಜಗಳ ತೆಗೆದು ನಿಲ್ಲಿಸುತ್ತಿತ್ತು. ಜಾಗ ಬೇರೆ ಬೇರೆಯಾದ್ದರಿಂದ, ಇಬ್ಬರದೂ ಸರಿಯೆಂದು ಎರಡನ್ನೂ ಸೇರಿಸಿಕೊಂಡಿತ್ತು. ಅದಕ್ಕೆ ಕಾಲು ಎಣಿಸುವ ಕೆಲಸವನ್ನು ಯಾರೂ ಹೇಳಿರಲಿಲ್ಲ.

"ಹಿಂದಿನ ಕಾಲು ಯಾರದ್ದು?" ಎಂದಳು.

ಸುನಿಲ್‌ಕುಮಾರ್ ಸೀಲಿಂಗ್ ಫ್ಯಾನು ನೋಡಿದ. "ಯಾರೋ ಅತ್ತಿಗೆ. ಇಂಟರ್‌ನೆಟ್ಟಲ್ಲಿ ಏನೇನೋ ಬರ್ತಿರ್ತವೆ."

"ಇಲ್ಲಿ ಸುನಿಲ್‌ಕುಮಾರ್ ಅಂತಿದೆ."

ಇಪ್ಪತ್ತು ತಲೆಗಳು ತಿರುಗಿದವು.

"ಲಾಳಿ ಇಲ್ದೆ ಮಾಡ್ಬಿಟ್ಯೇನ್ಲಾ?" ರಾಮಾಂಜಿನಪ್ಪನವರ ಧ್ವನಿ ನಡುಗಿತು. ಅವರ ಮಗಳ ಮದುವೆ ಮುರಿದಿದ್ದರೂ ಅಷ್ಟು ನಡುಗುತ್ತಿರಲಿಲ್ಲ.

"ವಸಂತಣ್ಣ ಲಾಳಿ ತಗೊಂಡ್ರು, ನಂಗ್ ಗೊತ್ತಾಗ್ಲಿಲ್ಲ! ಸೇಠು ಅವಸರ ಮಾಡ್ತಿದ್ದ. ಇರೋ ಕಾಲನ್ನೇ ಉಲ್ಟಾ ತಿರುಗಿಸಿ ಇಟ್ಬಿಟ್ಟೆ."

ಎಲ್ಲರೂ ಪರದೆಗೆ ಬಗ್ಗಿದರು. ಹಿಂದಿನ ಕಾಲಿನ ಬೆರಳುಗಳು ನಿಜಕ್ಕೂ ಹಿಂದಕ್ಕೆ ನೋಡುತ್ತಿದ್ದವು.

"ಹಿಂದುಮುಂದು ಪಾದ ಇರೋದು ದೆವ್ವಕ್ಕೆ," ಎಂದರು ಅಪ್ಪಯ್ಯಣ್ಣ. "ಮದುವೆ ಸೀರೆ ಮೇಲೆ ದೆವ್ವದ ನವಿಲು ಬಿಟ್ಟಿದ್ದೀಯಲ್ಲ ಗುರು."

"ತೆಗೀಮ್ಮ ಅದನ್ನ, ಮೊದ್ಲು ತೆಗಿ!" ಎಂದರು ರಾಮಾಂಜಿನಪ್ಪ.

ಶಶಿರೇಖಾ ಇನ್ನೊಂದು ನಮೂದನ್ನು ತೆರೆದಳು. ವಸಂತನ ಹೆಸರಿತ್ತು. ಸಂಜೆ ಆರು ಗಂಟೆ ಹತ್ತು ನಿಮಿಷ ಎಂದಿತ್ತು. ಅದರ ಕೆಳಗೆ ಎರಡು ಸಾಲು ಬರೆದಿತ್ತು. ಅವಳು ಓದಲಿಲ್ಲ. ಪರದೆಯ ಆ ಕಿಟಕಿ ಮುಚ್ಚಿದಳು. ಸುನಿಲ್‌ಕುಮಾರನ ಕಾಲನ್ನು ಅಳಿಸಿ, ವಸಂತ ಇಟ್ಟ ಕಾಲನ್ನು ಹಾಗೇ ಉಳಿಸಿ, ಕಮಿಟ್ ಮಾಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದದ್ದು ಮೂರಕ್ಕೆ. ರಾಮಾಂಜಿನಪ್ಪ ಪೆನ್‌ಡ್ರೈವನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ಮಗ್ಗಕ್ಕೆ ಓಡಿದರು. ಸೆರಗಿನಲ್ಲಿ ಒಂದು ಗೇಣು ಮಾತ್ರ ನೇಯ್ದು, ಕತ್ತರಿಸಿ, ಐದಕ್ಕೆ ಐದು ನಿಮಿಷವಿದೆ ಎನ್ನುವಾಗ ಸೆಂಟರಿನ ಮೇಜಿನ ಮೇಲೆ ಹಾಸಿದರು. ಜರಿಯ ನವಿಲು ಎರಡು ಕಾಲಮೇಲೆ ನಿಂತಿತ್ತು. ಸುನಿಲ್‌ಕುಮಾರ್ ಅತ್ತೇಬಿಟ್ಟ.

ಸೇಠಿನ ಮನುಷ್ಯ ಬಂದ. ಸಣ್ಣ ಆಸಾಮಿ, ದೊಡ್ಡ ಭೂತಗನ್ನಡಿ. ಬೆರಳಿಟ್ಟು ಎಣಿಸಿದ.

"ಒಂದು. ಎರಡು. ಸರಿ." ಕೋಣೆಯ ಇಪ್ಪತ್ತು ಜನ ಒಟ್ಟಿಗೆ ಉಸಿರು ಬಿಟ್ಟರು. ಆತ ಇನ್ನೂ ಬಗ್ಗಿದ. "ಈ ಪಾದ ನವಿಲಿಂದು. ಈ ಪಾದ ಯಾರ್ದು?"

"ಅದೂ ನವಿಲಿಂದೇ ಸಾರ್," ಎಂದರು ರಾಮಾಂಜಿನಪ್ಪ.

"ಬೆರಳ ಮಧ್ಯೆ ಚರ್ಮ ಇದೆಯಲ್ರೀ. ಬಾತುಕೋಳಿಗಿರೋ ಹಂಗೆ."

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಪರದೆಯ ಮೇಲೆ ಬರಿಯ ಚುಕ್ಕೆಗಳಾಗಿ ಕಂಡದ್ದು ಜರಿಯಲ್ಲಿ ಸ್ಪಷ್ಟವಾಗಿತ್ತು. ನವಿಲು ಒಂದು ಕಾಲಿನಿಂದ ಕುಣಿಯಲು ಹೊರಟಿತ್ತು, ಇನ್ನೊಂದರಿಂದ ಈಜಲು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನಜೀಬುಲ್ಲಾ ಸಾಹೇಬರು, ಆಚೆ ಬೀದಿಯಲ್ಲಿ ಆರು ಮಗ್ಗ ಇಟ್ಟುಕೊಂಡಿದ್ದ ಹಿರಿಯರು. ಕಂಕುಳಲ್ಲಿ ಒಂದು ಸೀರೆ.

"ಮಾಫ್ ಮಾಡು ಬೇಟಿ," ಎಂದರು ಶಶಿರೇಖಾಳಿಗೆ. "ದುಃಖದ ಮನೆಗೆ ಬಂದು ಇದನ್ನೆಲ್ಲ ಕೇಳಕ್ಕೆ ಮನಸ್ ಬರ್ಲಿಲ್ಲ. ನೀನು ಸೆಂಟರಿಗೆ ಬಂದಿದ್ದೀ ಅಂತ ಈಗ ಗೊತ್ತಾಯ್ತು." ಸೀರೆ ಬಿಚ್ಚಿದರು. ಅಂಚಿನುದ್ದಕ್ಕೂ ಹಂಸಗಳು. ಒಂದೊಂದೂ ಒಂಟಿ ಕಾಲಲ್ಲಿ ನಿಂತಿದ್ದವು. "ಹನ್ನೆರಡು ದಿನದಿಂದ ಹಿಂಗೇ ನಿಂತವೆ. ವಸಂತ್ ಸಾಬ್ ಏನೋ ಹೊಸ ಫ್ಯಾಷನ್ ತಂದವ್ರೆ ಅಂದ್ಕೊಂಡೆ. ನಮ್ಮನೆ ಅನ್ವರ್ ಬೇಗಂ ನೋಡಿ ಬೈದ್ಳು. ಎಷ್ಟು ದಿನ ಅಂತ ನಿಲ್ಲಿಸ್ತೀರಿ, ಪಾಪ, ಕಾಲು ನೋಯಲ್ವಾ ಅಂದ್ಳು."

ಶಶಿರೇಖಾ ಕುರ್ಚಿಗೆ ಹೋಗಿ ಕುಳಿತಳು. ಬೆಳಿಗ್ಗೆ ಮುಚ್ಚಿದ ಕಿಟಕಿಯನ್ನು ತೆರೆದಳು. ಈ ಸಲ ಓದಿದಳು.

'ನವಿಲಿಗೆ ಕಾಲು. ಸದ್ಯಕ್ಕೆ ನಜೀಬುಲ್ಲಾ ಸಾಹೇಬರ ಹಂಸದಿಂದ ಎರವಲು.
ನಾಳೆ ಬೇರೆ ಬರೆದು ಇದನ್ನು ವಾಪಸ್ ಕೊಡುವುದು.'

"ಅಯ್ಯೋ, ಕಾಪಿ ಮಾಡ್ಬೋದಿತ್ತಲ್ಲ!" ಎಂದ ಸುನಿಲ್‌ಕುಮಾರ್. "ಇದ್ದಿದ್ದನ್ನೇ ಕಿತ್ಕೊಂಡ್ ಬಂದವ್ರಲ್ಲ!"

"ಎರಡೆರಡು ಇಟ್ಕೊಳ್ಳೋದು ಅವರಿಗೆ ಆಗ್ತಿರ್ಲಿಲ್ಲ," ಎಂದಳು ಶಶಿರೇಖಾ. "ಮನೇಲೂ ಹಾಗೇ. ಬಚ್ಚಲಿಗೆ ಬಲ್ಬ್ ಬೇಕು ಅಂದ್ರೆ ಅಡುಗೆಮನೇದು ಬಿಚ್ಚಿ ತರ್ತಿದ್ರು."

ಸೇಠಿನ ಮನುಷ್ಯ ಗಡಿಯಾರ ನೋಡಿ ಭೂತಗನ್ನಡಿಯನ್ನು ಜೇಬಿಗಿಳಿಸಿದ. "ನಾಳೆ ಹತ್ತಕ್ಕೆ ಬರ್ತೀನಿ. ಎರಡು ಕಾಲು ಇರ್ಬೇಕು, ಎರಡೂ ಅದರ ಸ್ವಂತದ್ದು ಇರ್ಬೇಕು, ಎರಡೂ ಮುಂದಕ್ಕೇ ನಡೀಬೇಕು. ಇದೇ ಕೊನೆ."

ಅವನು ಹೋದ ಮೇಲೆ ಶಶಿರೇಖಾ ಲಾಳಿಯನ್ನು ಸುನಿಲ್‌ಕುಮಾರನ ಕಡೆ ಚಾಚಿದಳು. ಅವನು ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡ. ಅಪ್ಪಯ್ಯಣ್ಣನ ಕಡೆ ಚಾಚಿದಳು. ಅವರಿಗೆ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಬೆಳಿಗ್ಗೆಯಿಂದ ಆ ಲಾಳಿಗಾಗಿ ಹದಿನೆಂಟು ಲೋಟ ಕಾಫಿ ಕುಡಿದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

"ನಿಮ್ಮ ಕೈಲೇ ಇರ್ಲಿ ಬಿಡಮ್ಮ," ಎಂದರು ರಾಮಾಂಜಿನಪ್ಪ, ಹೊಸ್ತಿಲ ಆಚೆಯಿಂದ. "ಬೆಳಿಗ್ಗೆ ಬೇಗ ಬಂದ್ಬುಡಿ. ಇನ್ಮೇಲೆ ದಿನಾ ಒಂಬತ್ತಕ್ಕೆ."

ಕೋಣೆಯಲ್ಲಿ ಉಳಿದದ್ದು ನಜೀಬುಲ್ಲಾ ಒಬ್ಬರೇ. ಅವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ನಿಧಾನ ಮಾಡು ಬೇಟಿ. ಅವಸರ ಇಲ್ಲ."

ಶಶಿರೇಖಾ ನವಿಲಿನ ಕಡತದಿಂದ ಕಾಲನ್ನು ತೆಗೆದು ಹಂಸದ ಕಡತಕ್ಕೆ ಸಾಗಿಸಿದಳು. ನವಿಲು ಹನ್ನೆರಡು ದಿನದ ಹಿಂದೆ ಇದ್ದ ಹಾಗೆ ಮತ್ತೆ ಒಂದೇ ಕಾಲಲ್ಲಿ ನಿಂತಿತು. ಯಾಕೆ ಬದಲಿಸಿದಿರಿ ಎಂದು ಕಂಪ್ಯೂಟರು ಕೇಳಿತು. ಅವಳು ಬರೆದಳು:

'ನಜೀಬುಲ್ಲಾ ಸಾಹೇಬರ ಹಂಸದ ಕಾಲು ವಾಪಸ್. ತಡವಾಯಿತು.'

ಎಂಟರ್ ಒತ್ತಿದಳು. ಹಂಸ ಎರಡನೆಯ ಕಾಲನ್ನು ನೆಲಕ್ಕೂರಿತು.