ಅಣ್ಣನನ್ನು ನಡೆಯಲು ಬಿಡದ ಊರು

ಶಿವ ಅಳಿಸುವಾಗಲೂ ನಡುನಡುವೆ ನಗಿಸುತ್ತಾನೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಂತೂ ದಿನಕ್ಕೊಂದು ಪ್ರಸಂಗ ಇಟ್ಟೇ ಇರುತ್ತಾನೆ. ಅರಬರ ನಾಡಿನಲ್ಲೂ ಕಂಡೆ, ನಮ್ಮ ಮಸ್ಕಿಯಲ್ಲೂ ಕಂಡೆ.

ಬದಲಿ ನಡಿಗೆ

ಅರಬರ ನಾಡಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಕಾರು ಓಡಿಸುತ್ತಿದ್ದೆ. ಯಜಮಾನರ ತಂದೆ ಒಂಟೆಯ ಹಿಂದೆ ಮರಳುಗಾಡು ತುಳಿದವರು. ಎಣ್ಣೆ ಸಿಕ್ಕ ಮೇಲೆ ತಲೆಗೊಂದು ಕಾರು ಬಂತು, ಹೊತ್ತುಹೊತ್ತಿಗೂ ಅನ್ನ-ಮಾಂಸ ಬಂತು, ಹಿಂದೆಯೇ ಯಜಮಾನರಿಗೆ ಸಕ್ಕರೆ ಕಾಯಿಲೆಯೂ ಬಂತು. ಡಾಕ್ಟರು ದಿನಾ ನಡೆಯಿರಿ ಎಂದರು. ಯಜಮಾನರು ನಾಲ್ಕು ಹೆಜ್ಜೆ ಹಾಕಿ, ಕುರ್ಚಿ ತರಿಸಿ ಕೂತು, "ಉಳಿದದ್ದು ನೀನು ನಡೆ" ಎಂದರು. ಕೆಲವು ತಿಂಗಳಲ್ಲಿ ನನ್ನ ಪ್ಯಾಂಟು ಸಡಿಲವಾಯಿತು. ಅವರು ಡಾಕ್ಟರ ಮುಂದೆ ನನ್ನನ್ನೇ ನಿಲ್ಲಿಸಿ, "ನೋಡಿ, ನಡೆದದ್ದಕ್ಕೆ ಸಾಕ್ಷಿ!" ಎಂದರು.

ಹತ್ರಿ ಕಾಕಾ

ಊರಿಗೆ ಬಂದರೆ ಅಣ್ಣನಿಗೂ ಅದೇ ಕಾಯಿಲೆ. ಜೋಳದ ರೊಟ್ಟಿ ಹೋಗಿ ಮೂರು ಹೊತ್ತೂ ಸಿಂಧನೂರಿನ ಅಕ್ಕಿಯ ಬಿಳಿ ಅನ್ನ; ಅಂಗಳ ದಾಟಿದರೆ ಬೈಕು. ಕಣ್ಣಿಗೆ ಪೊರೆ ಬಂದಿತ್ತು. ಹೊಸದಾಗಿ ಹುಟ್ಟಿದ ಮೊಮ್ಮಗಳ ಮುಖ ಅವನಿಗೆ ಬರೀ ಮಬ್ಬು. ಲಿಂಗಸುಗೂರಿನ ಡಾಕ್ಟರು, "ಮೊದಲ ಸಕ್ಕರಿ ಇಳಿಸ್ಕೊಂಡು ಬರ್ರಿ, ಆಮ್ಯಾಲ ಆಪರೇಷನ್" ಎಂದುಬಿಟ್ಟರು.

ಮರುದಿನವೇ ನಡೆಯಲು ಹೊರಟ. ಒಂದು ಬೈಕು ನಿಂತಿತು.

"ಯಾಕ್ರೀ ಕಾಕಾ, ನಡ್ಕೊಂತ ಹೊಂಟೀರಿ? ಹತ್ರಿ!"

"ಇಲ್ಲಪಾ, ನಡ್ಯಾಕ ಅಂತನ ಬಂದೀನಿ."

"ಯಾಕ, ನಾವೇನ ಸತ್ತೀವೇನ್ರಿ?"

ಹತ್ತಿದ. ಇಳಿದು ಹಿಂದಕ್ಕೆ ನಡೆಯುವಷ್ಟರಲ್ಲಿ ಪರಿಚಯದ ಟ್ರ್ಯಾಕ್ಟರು ಬಂತು. ಅದರಲ್ಲಿ ಬಂದು ಇಳಿದವನನ್ನು ಕಂಡು ಅತ್ತಿಗೆ, "ಭಾರಿ ಜಲ್ದಿ ನಡದ್ರಿ ಬಿಡ್ರಿ!" ಎಂದಳು.

ಹರಕೆ

ಆಗ ನಾನೇ ಹೇಳಿದೆ: "ಅಣ್ಣಾ, ದಿನಾ ಗುಡ್ಡದ ಮಲ್ಲಯ್ಯನ ಗುಡಿಗೆ ನಡ್ಕೊಂತ ಬರ್ತೀನಂತ ಹರಕಿ ಹೊರು. ಹರಕಿಯವನ್ನ ಯಾರೂ ಗಾಡಿ ಹತ್ತಸಂಗಿಲ್ಲ."

ಹತ್ತಿಸಲಿಲ್ಲ, ನಿಜ. ಆದರೆ ಹರಕೆಯವನನ್ನು ಬಾಯಿ ಸಿಹಿ ಮಾಡದೆ ಕಳಿಸುವ ಊರೇ ಇದು? ಒಂದು ಮನೆಯಲ್ಲಿ ಪಾನಕ, ಇನ್ನೊಂದರಲ್ಲಿ ಬೆಲ್ಲದ ಸಜ್ಜಕ, ಮತ್ತೊಂದರಲ್ಲಿ ಬಾಳೆಹಣ್ಣು. ಸಕ್ಕರೆ ಇನ್ನೂ ಏರಿತು.

ಅತ್ತಿಗೆ ದೇವರ ಮುಂದೆ ನಿಲ್ಲಿಸಿ ಇನ್ನೊಂದು ಹರಕೆ ಹೊರಿಸಿದಳು: ದಾರಿಯಲ್ಲಿ ನೀರು ಬಿಟ್ಟು ಏನೂ ಮುಟ್ಟುವಂತಿಲ್ಲ. ಗಾಡಿ ಹತ್ತದ, ಸಿಹಿ ಮುಟ್ಟದ ಮನುಷ್ಯ! ಜನ ಎದುರು ಬಂದು ಕಾಲಿಗೆ ಬೀಳತೊಡಗಿದರು. ಮಲ್ಲಯ್ಯ ಕಣ್ತೆರೆದ. ಸಕ್ಕರೆ ಇಳಿಯಿತು, ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿದಾಗ ಅಣ್ಣ ಮೊಮ್ಮಗಳ ಮುಖವನ್ನೇ ನೋಡುತ್ತಾ ಕೂತ. ನಾನು ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಡಾಕ್ಟರು ಮೆಲ್ಲಗೆ ಬಾಗಿಲು ಮುಂದೆ ಮಾಡಿ, ಅಣ್ಣನ ಪಾದ ಮುಟ್ಟಿ, "ಯಜಮಾನ್ರ, ನನ್ನ ಸಕ್ಕರೀನೂ ಇಳೀವಲ್ದು. ಆ ಹರಕಿ ಹ್ಯಾಂಗ ಹೊರಬೇಕು, ಸ್ವಲ್ಪ ಹೇಳ್ರಿ" ಎಂದರು.